ವಲ್ಲಿಯ ಕೆಳಗೆ ಹಿಡಿದ ಬೆರಳು

ಸಾಲೋಟಗಿ ರಸ್ತೆಯಲ್ಲಿ ಬೆಳಿಗ್ಗೆ ನಡೆಯಲು ಹೋದಾಗ ಸಿಕ್ಕವರು ಈಗೀಗ ನನ್ನನ್ನು ನಿಲ್ಲಿಸಿ ಸಲಹೆ ಕೇಳುತ್ತಾರೆ. ಹೊಟ್ಟೆ ಇಳಿಸುವುದು ಹೇಗೆ, ತಂಬಾಕು ಬಿಡುವುದು ಹೇಗೆ, ಓದುವ ರೂಢಿ ಹಾಕಿಕೊಳ್ಳುವುದು ಹೇಗೆ, ಸಿಟ್ಟು ಕಡಿಮೆ ಮಾಡಿಕೊಳ್ಳುವುದು ಹೇಗೆ ಅಂತ. ನಾನು ಡಾಕ್ಟರೂ ಅಲ್ಲ, ಮಾಸ್ತರನೂ ಅಲ್ಲ. ಇಂಡಿಯ ಲಿಂಬೆ ಬಜಾರದಲ್ಲಿ ಹರಾಜಿನ ಸವಾಲು ಕೂಗುತ್ತಿದ್ದ ದಲಾಲ. ಆದರೂ ಅವರು ಕೇಳುತ್ತಾರೆ, ನಾನೂ ದೊಡ್ಡ ಮನುಷ್ಯನ ಹಾಗೆ ಹೇಳುತ್ತೇನೆ. ಹೇಳುವಾಗ ಒಂದು ಮಾತನ್ನು ಮಾತ್ರ ನುಂಗಿಕೊಳ್ಳುತ್ತೇನೆ. ಇದ್ಯಾವುದನ್ನೂ ನಾನು ಸುಧಾರಿಸಬೇಕೆಂದು ಕಲಿತವನಲ್ಲ, ಅಂಜಿ ಕಲಿತವನು. ಆ ಅಂಜಿಕೆಯನ್ನು ಬಿಟ್ಟು ಬರೀ ಸಲಹೆ ಕೊಟ್ಟರೆ ಅದು ಅರ್ಧ ಸುಳ್ಳು. ಗಂಟಲಲ್ಲೋ ಎದೆಯಲ್ಲೋ ಏನೋ ಒಂದು ಕಾಣಿಸಿಕೊಂಡು, ತಪಾಸಣೆಗೆ ಕೊಟ್ಟು, ಫಲಿತಾಂಶಕ್ಕಾಗಿ ಕಾಯುತ್ತ ಕೂತವರು ಯಾರಾದರೂ ಇದನ್ನು ಓದಿದರೆ, ಹೀಗೆ ಕಾದು ಕೂತವನು ಇನ್ನೊಬ್ಬನಿದ್ದ ಎಂದಾದರೂ ಅವರಿಗೆ ತಿಳಿಯಲಿ.

ತೊಂಬತ್ತರ ದಶಕದ ನಡುವಿನ ಮಾತು. ಬಜಾರದಲ್ಲಿ ಲಿಂಬೆಯ ರಾಶಿಯ ಮುಂದೆ ನಿಂತು ನಾನು ಸವಾಲು ಕೂಗಿದರೆ ಬಸ್ ಸ್ಟ್ಯಾಂಡಿನವರೆಗೆ ಕೇಳುತ್ತದೆ ಎಂದು ಜನ ಚೇಷ್ಟೆ ಮಾಡುತ್ತಿದ್ದರು. ಮನೆಯಲ್ಲೂ ಅದೇ ದನಿ. ನೀರು ಕೇಳಿದರೂ ಸವಾಲು ಕೂಗಿದ ಹಾಗೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರಲ್ಲ, ನಾನು ಬಾಯಿಯಿಂದಲೇ ಬದುಕಿದವನು. ಕೂಗುವ ನಡುವೆ ದವಡೆಯಲ್ಲಿ ತಂಬಾಕು, ಕೂಗಿ ಮುಗಿದ ಮೇಲೆ ಬೀಡಿ. ಇವೆರಡೂ ಗಂಟಲಿಗೆ ಕಸುವು ಕೊಡುತ್ತವೆ ಎಂದು ನಂಬಿದ್ದೆ. ನನಗೆ ಹಾಗೆ ಹೇಳಿಕೊಟ್ಟ ಹಿರಿಯ ದಲಾಲನ ದನಿ ಕೊನೆಕೊನೆಗೆ ಚರ್ಮ ಹರಿದ ಹಲಗೆಯಂತಾಗಿತ್ತು ಎಂಬುದು ಆಗ ನೆನಪಿಗೇ ಬರಲಿಲ್ಲ.

ಒಂದು ಬೇಸಿಗೆಯಲ್ಲಿ ದನಿ ಕುಂತಿತು. ಒಡೆದ ದನಿಯಲ್ಲೇ ಕೂಗಿದೆ. ಖರೀದಿಗೆ ಬಂದವರು ನಕ್ಕರು.

"ಏನ್ ಸಿದ್ರಾಮಣ್ಣ, ನಿನ್ನೆ ವೈನಿ ಕೂಡ ಜಗಳಾ ಆಗೇತೇನ? ದನಿ ಅಕಿ ಕಸಗೊಂಡ ಇಟಗೊಂಡಾಳೇನ?"

ನಾನೂ ನಕ್ಕೆ. ಅವ್ವ ಜೇಷ್ಠಮಧು ಕೊಟ್ಟಳು, ಮೆಣಸಿನ ಕಷಾಯ ಕೊಟ್ಟಳು, ಅರಿಷಿಣ ಹಾಕಿದ ಹಾಲು ಕೊಟ್ಟಳು. ಊರಿನ ಡಾಕ್ಟರು ಗುಳಿಗೆ ಕೊಟ್ಟರು. ಲಿಂಬೆಯ ಬೆಲೆ ಏರಿತು, ಇಳಿಯಿತು, ಮುಂಗಾರು ಬಂತು, ದನಿ ಮಾತ್ರ ಎದ್ದು ಕೂರಲಿಲ್ಲ. ಒಂದು ದಿನ ಡಾಕ್ಟರು ಗುಳಿಗೆ ಬರೆಯುವುದನ್ನು ನಿಲ್ಲಿಸಿ ಪೆನ್ನಿನ ಟೊಪ್ಪಿಗೆ ಹಾಕಿದರು.

"ಸಿದ್ರಾಮಪ್ಪ, ಇದು ನನ್ನ ಕೈಯಾಗಿಂದಲ್ಲ. ಸೊಲ್ಲಾಪುರಕ್ಕ ಹೋಗಿ ಗಂಟಲ ಡಾಕ್ಟರಿಗೆ ತೋರಸ್ರಿ. ಮುಂದಿನ ವಾರ ಅನಬ್ಯಾಡ್ರಿ, ನಾಳೇನ ಹೋಗ್ರಿ."

ಆ 'ನಾಳೇನ' ಎಂಬ ಮಾತನ್ನು ಮನೆ ಮುಟ್ಟುವವರೆಗೂ ತಿರುಗಿಸಿ ಮುರುಗಿಸಿ ನೋಡಿದೆ. ನಮ್ಮ ಕಡೆ ಡಾಕ್ಟರು ಸಾವಕಾಶ ಹೋಗಿ ಎಂದರೆ ರೋಗವಿಲ್ಲ ಎಂದು ಅರ್ಥ.

ಸೊಲ್ಲಾಪುರದ ಆ ದವಾಖಾನೆಯ ಉದ್ದನೆಯ ಮರದ ಬಾಕಿನ ಮೇಲೆ ನಾನೂ ನನ್ನ ಹೆಂಡತಿ ಗೌರವ್ವನೂ ಕೂತೆವು. ಎದುರಿಗೆ ಕೂತ ಒಬ್ಬ ಮುದುಕರ ಕುತ್ತಿಗೆಯಲ್ಲಿ ಸಣ್ಣ ರಂಧ್ರವಿತ್ತು. ಅದರ ಮೇಲೆ ತೆಳ್ಳನೆಯ ಅರಿವೆ. ಅವರು ಬೆರಳಿನಿಂದ ರಂಧ್ರ ಮುಚ್ಚಿ ಮಗನಿಗೆ ಏನೋ ಹೇಳಿದರು, ಮಗ ಎದ್ದು ನೀರು ತಂದುಕೊಟ್ಟ. ಅಷ್ಟೇ. ನಾನು ಮಾತ್ರ ಬೆವೆತೆ. ನೋಡಬಾರದೆಂದು ಗೋಡೆ ನೋಡಿದರೆ ಗೋಡೆಯ ಮೇಲೆ ಸೀಳಿದ ಗಂಟಲಿನ ಚಿತ್ರ. ನೆಲ ನೋಡುತ್ತ ಕೂತೆ.

ಡಾಕ್ಟರು ಮರಾಠಿ ಮನೆಮಾತಿನವರು, ಆದರೆ ಕನ್ನಡ ನಮ್ಮ ಹಾಗೇ ಮಾತಾಡುತ್ತಿದ್ದರು. ನಾಲಿಗೆಯನ್ನು ಅರಿವೆಯಿಂದ ಹಿಡಿದೆಳೆದು, ಚಮಚದಂಥ ಪುಟ್ಟ ಕನ್ನಡಿಯನ್ನು ಗಂಟಲಿಗಿಳಿಸಿ, "ಈ ಅನ್ರಿ" ಎಂದರು. ಬಸ್ ಸ್ಟ್ಯಾಂಡಿಗೆ ಕೇಳಿಸುತ್ತಿದ್ದವನ 'ಈ' ಕನ್ನಡಿಗೂ ಕೇಳಿಸಲಿಲ್ಲ.

"ತಂಬಾಕ ಐತೇನ?"

ಹಬ್ಬ ಹುಣ್ಣಿಮೆಗೆ ಅಷ್ಟೇ ಎಂದು ಹೇಳಲು ನಾನು ಬಾಯಿ ಸರಿಮಾಡಿಕೊಳ್ಳುವಷ್ಟರಲ್ಲಿ ಗೌರವ್ವ ಹೇಳಿಬಿಟ್ಟಳು: "ಐತ್ರಿ. ಎದ್ದಾಗಿಂದ ಮಲಗೂತನಾ ಐತ್ರಿ. ಬೀಡಿನೂ ಐತ್ರಿ."

ಗಂಟಲ ತಂತಿಯ ಮೇಲೆ ಒಂದು ಗಂಟು ಇದೆ, ತೆಗೆದು ತಪಾಸಣೆಗೆ ಕಳಿಸಬೇಕು ಎಂದರು. ಕ್ಯಾನ್ಸರ್ ಎಂಬ ಶಬ್ದವನ್ನು ಅವರು ಆಡಲಿಲ್ಲ, ನಾವೂ ಕೇಳಲಿಲ್ಲ. ಆದರೆ ಆ ಕೋಣೆಯಲ್ಲಿ ಮೂವರ ಜೊತೆ ನಾಲ್ಕನೆಯದಾಗಿ ಅದು ಕೂತಿತ್ತು. ಗಂಟು ತೆಗೆದರು. ಪ್ರಜ್ಞೆ ಬಂದಾಗ ಗಂಟಲಲ್ಲಿ ಬೆಂಕಿ. ಮರುದಿನ ಡಾಕ್ಟರು ಬಂದು ನಿಂತರು.

"ನೋಡ್ರಿ, ಇನ್ನ ಮಾತ ಏಕದಮ್ ಬಂದ್. ಎರಡ ವಾರ ಬಿಟ್ಟ ಬರ್ರಿ, ಅಷ್ಟರಾಗ ತಪಾಸಣಿ ಆಗಿ ಬರ್ತೈತಿ. ಅಲ್ಲಿತನಾ ಒಂದ ಅಕ್ಷರ ಸುದ್ದಾ ಬ್ಯಾಡ. ಪಿಸುಮಾತಂತೂ ಬ್ಯಾಡೇ ಬ್ಯಾಡ. ಜನ ತಿಳಕೊಂಡಾರ ಪಿಸುಗುಟ್ಟಿದ್ರ ಗಂಟಲಿಗೆ ಆರಾಮ ಅಂತ. ಅದರಾಗ ಹೆಚ್ಚ ತ್ರಾಸ ಐತಿ."

ಹೂಂ ಎನ್ನಲು ಹೋಗಿ ತಲೆಯಾಡಿಸಿದೆ. ಅಲ್ಲಿಂದ ಶುರುವಾಯಿತು ನನ್ನ ಶ್ರಾವಣ.

ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ಇದ್ದಳು. ಗಂಟಲಿಗೆ ಚಾಕು ಹಚ್ಚಿದ ಸುದ್ದಿ ಓಣಿಗೆ ಗೊತ್ತಾಗಬಾರದು ಎಂದು ಅವಳ ಹಟ. ಗೊತ್ತಾದರೆ ಜನ ಮನೆಗೆ ಬಂದು, ಮುಖ ಸಣ್ಣ ಮಾಡಿ, ತಮ್ಮ ಪರಿಚಯದಲ್ಲಿ ಇದೇ ರೋಗದಿಂದ ಸತ್ತವರ ಹೆಸರು ಹೇಳಿ ಹೋಗುತ್ತಾರೆ ಎಂದು ಅವಳಿಗೆ ಅನುಭವವಿತ್ತು. ಪಕ್ಕದ ಮನೆಯ ನೀಲವ್ವ ಕಟ್ಟೆಗೆ ಬಂದು, "ಯಾಕಬೇ, ನಿಮ್ಮ ಸಿದ್ರಾಮ ಮಾತಾಡ್ಸಿದ್ರ ಮಾತಾಡವಲ್ಲ?" ಎಂದಾಗ ಅವ್ವನ ಬಾಯಿಂದ ಸಲೀಸಾಗಿ ಬಂತು:

"ಶ್ರಾವಣ ಅಲ್ಲೇನವ್ವಾ. ಮೌನ ಹಿಡದಾನ."

ನಮ್ಮ ಭಾಗದಲ್ಲಿ ಶ್ರಾವಣದಲ್ಲಿ ಮೌನ ಹಿಡಿಯುವುದೆಂದರೆ ಹುಡುಗಾಟವಲ್ಲ. ಮಠದ ಸ್ವಾಮಿಗಳು ಹಿಡಿಯುತ್ತಾರೆ, ಅಪರೂಪಕ್ಕೆ ನಿಷ್ಠೆಯುಳ್ಳ ಸಂಸಾರಿಗಳು ಹಿಡಿಯುತ್ತಾರೆ. ಮೌನ ಹಿಡಿದವನ ಕೈಯಲ್ಲಿ, ಕಣ್ಣಲ್ಲಿ ಏನೋ ಶಕ್ತಿ ಇರುತ್ತದೆಂದು ನಂಬಿಕೆ. ಇಂಡಿ ಬಜಾರದಲ್ಲಿ ಎಲ್ಲರಿಗಿಂತ ಹೆಚ್ಚು ಗದ್ದಲ ಮಾಡುತ್ತಿದ್ದವನು ಮೌನ ಹಿಡಿದಿದ್ದಾನೆ ಎಂದರೆ ಅದು ಸಣ್ಣ ಸುದ್ದಿಯೇ? ನಾನು ಅಲ್ಲ ಎನ್ನುವಂತಿಲ್ಲ. ಮೌನಂ ಸಮ್ಮತಿ ಲಕ್ಷಣಂ. ಎರಡು ದಿನದಲ್ಲಿ ಊರೆಲ್ಲ ಹಬ್ಬಿತು.

ಬರೆದು ತೋರಿಸಲು ನನಗೆ ಒಂದು ಪಾಟಿ, ಬಳಪ ಕೊಟ್ಟಿದ್ದರು. ನಾನು ಬರೆದದ್ದನ್ನು ತಮ್ಮ ಶಿವಪ್ಪ ಅವ್ವನಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದ. 'ನೀರು', 'ಚಾದರ', 'ಬಜಾರದಾಗ ಏನಾತು' ಇಂಥವನ್ನು ಬರೆಯಬಹುದಿತ್ತು. 'ನನಗೆ ಸಾಯುವ ಅಂಜಿಕೆ ಆಗಿದೆ' ಎಂದು ಪಾಟಿಯ ಮೇಲೆ ಬರೆದು ಹೆತ್ತ ತಾಯಿಯ ಮುಂದೆ ತಮ್ಮನ ಕೈಲಿ ಓದಿಸಲಾದೀತೇ? ಅದೊಂದು ಬಿಸಿ ತುಪ್ಪವಾಗಿ ಗಾಯದ ಗಂಟಲಲ್ಲೇ ನಿಂತಿತ್ತು.

ಗೌರವ್ವ ಸಿಂದಗಿ ತಾಲೂಕಿನ ಕನ್ನೊಳ್ಳಿಯವಳು. ಓದಿದ್ದು ಎರಡನೇ ಇಯತ್ತೆ. ಅವಳಪ್ಪ ದನದ ದಲಾಲ. ದನದ ಸಂತೆಯಲ್ಲಿ ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಇಬ್ಬರ ಕೈ ಮೇಲೂ ಹೊದಿಸಿ, ಅದರ ಕೆಳಗೆ ಒಬ್ಬರ ಬೆರಳು ಇನ್ನೊಬ್ಬರು ಹಿಡಿಯುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಪಂಜ ಹಿಡಿದರೆ ಐದು. ಹೆಚ್ಚಿಗೆ ಹೇಳಬೇಕಾದರೆ ಬಿಟ್ಟು ಮತ್ತೆ ಹಿಡಿಯಬೇಕು. ಮುಷ್ಟಿ ಮುಚ್ಚಿದರೆ ಈಗ ಬೆಲೆ ಹೇಳುವುದಿಲ್ಲ ಎಂದರ್ಥ. ಸುತ್ತ ನಿಂತ ನೂರು ಜನಕ್ಕೂ ಏನೂ ತಿಳಿಯುವುದಿಲ್ಲ. ಸಣ್ಣವಳಿದ್ದಾಗ ಅವಳಪ್ಪ ಊಟವಾದ ಮೇಲೆ ಮಗಳ ಕೈ ಹಿಡಿದು ಇದನ್ನೇ ಆಡಿಸುತ್ತಿದ್ದನಂತೆ.

ಊರಿಗೆ ಬಂದ ಮರುದಿನ ಸಂಜೆ ನಾನು ಕಟ್ಟೆಯ ಮೇಲೆ ಕೂತಿದ್ದೆ. ಅವ್ವ ಅಲ್ಲೇ ಶೇಂಗಾ ಸುಲಿಯುತ್ತಿದ್ದಳು. ಗೌರವ್ವ ಬಂದು ಪಕ್ಕದಲ್ಲಿ ಕೂತು, ನನ್ನ ಹೆಗಲ ವಲ್ಲಿ ಎಳೆದು ಕೈಗಳ ಮೇಲೆ ಹಾಕಿದಳು.

"ತ್ರಾಸ ಎಷ್ಟೈತ್ರಿ?"

ಮೊದಲು ನಗೆ ಬಂತು. ಆಮೇಲೆ ಅವಳ ಎರಡು ಬೆರಳು ಹಿಡಿದೆ.

ಅವಳು ತಲೆ ತಗ್ಗಿಸಿ, ದನಿ ಇಳಿಸಿ ಕೇಳಿದಳು. "ಮತ್ತ ಅದು ಎಷ್ಟೈತಿ?"

ಅದು ಎಂದರೆ ಏನೆಂದು ಅವಳು ಹೇಳಲಿಲ್ಲ. ನನಗೆ ತಿಳಿಯಿತು. ಇಡೀ ಪಂಜ ಹಿಡಿದೆ, ಬಿಟ್ಟೆ, ಮತ್ತೆ ಹಿಡಿದೆ. ಅವಳು ಹೂಂ ಎಂದಳು. ಅಂಜಬ್ಯಾಡ್ರಿ ಎನ್ನಲಿಲ್ಲ, ದೇವರಿದ್ದಾನೆ ಎನ್ನಲಿಲ್ಲ. ಬೆಲೆ ಕೇಳಿ ತಿಳಿದುಕೊಂಡ ದಲಾಲನ ಹಾಗೆ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡಳು. ಒಬ್ಬರಿಗಾದರೂ ಗೊತ್ತಾಯಿತಲ್ಲ ಎಂದು ನನಗೆ ಆ ದಿನ ಮೊದಲ ಬಾರಿ ಹೊಟ್ಟೆಗೆ ಎರಡು ತುತ್ತು ಇಳಿಯಿತು. ಅವ್ವ ನಮ್ಮನ್ನು ನೋಡಿ, "ನಾಚಿಕಿಲ್ಲದವು, ಹಗಲೆಲ್ಲ ಕೈ ಹಿಡಕೊಂಡ ಕುಂತಾವ" ಎಂದು ಗೊಣಗಿದಳು.

ಆಮೇಲೆ ದಿನವೂ ಅದೇ. ನಾನು ಲೆಕ್ಕ ಕೊಡುವುದು, ಅವಳು ತಗೊಳ್ಳುವುದು.

ಅಂಗಡಿಗೆ ಹೋಗುವಂತಿಲ್ಲ. ಬಜಾರ ನೋಡಿದರೆ ಬಾಯಿ ತಾನೇ ತೆರೆದೀತು. ಸವಾಲು ಶಿವಪ್ಪ ಕೂಗತೊಡಗಿದ. ಮನೆಯಲ್ಲಿ ಕೂತರೆ ಅದೇ ವಿಚಾರ, ಅದಕ್ಕೆ ಬೆಳಿಗ್ಗೆ ಎದ್ದು ಸಾಲೋಟಗಿ ರಸ್ತೆ ಹಿಡಿದೆ. ಆರೋಗ್ಯಕ್ಕಾಗಿ ನಡೆದದ್ದು ಎಂದು ಈಗ ಹೇಳಿಕೊಳ್ಳುತ್ತೇನೆ. ನಿಜವಾಗಿ ಮನೆಯಿಂದ ತಪ್ಪಿಸಿಕೊಳ್ಳಲು ನಡೆದದ್ದು. ಅಲ್ಲೂ ಪೇಚು. ನಮ್ಮ ಕಡೆ ಎದುರು ಬಂದವರು "ಏನ್ರಿ, ಹೊಂಟ್ರಿ?" ಎಂದಾಗ ಉತ್ತರ ಕೊಡದಿದ್ದರೆ ಸೊಕ್ಕು ಬಂತು ಎನ್ನುತ್ತಾರೆ. ಅದಕ್ಕೊಂದು ಉಪಾಯ ಸಿಕ್ಕಿತು. ಬೇವಿನ ಕಡ್ಡಿಯನ್ನು ಬಾಯಲ್ಲಿ ಹಿಡಿದು ನಡೆದರೆ ಯಾರೂ ಉತ್ತರ ಬಯಸುವುದಿಲ್ಲ. ಮಾತು ಕಡಿಮೆ ಮಾಡಬೇಕು ಎನ್ನುವವರಿಗೆ ನನ್ನ ಮೊದಲ ಸಲಹೆ ಇದು. ಹಲ್ಲೂ ಗಟ್ಟಿಯಾಗುತ್ತವೆ.

ತಂಬಾಕಿನ ಚಟ ಎಳೆದಾಗಲೂ ಆ ಕಡ್ಡಿಯನ್ನೇ ಕಚ್ಚಿದೆ. ಮನಸ್ಸು ಗಟ್ಟಿ ಮಾಡಿ ಬಿಟ್ಟಿರಾ ಎಂದು ಕೇಳುತ್ತಾರೆ. ಮನಸ್ಸು ನನ್ನದು ಆಗ ನೀರಾಗಿತ್ತು. ದವಾಖಾನೆಯ ಬಾಕಿನಲ್ಲಿ ಕಂಡ ಆ ಮುದುಕರು ಕುತ್ತಿಗೆಗೆ ಬೆರಳಿಟ್ಟುಕೊಂಡು ಕಣ್ಣ ಮುಂದೆ ಬರುತ್ತಿದ್ದರು, ಅಷ್ಟೇ.

ಓದುವುದು ಇನ್ನೂ ಕಠಿಣ. ಓದುವವನೇ ನಾನು, ಆದರೆ ದಿನಪತ್ರಿಕೆಯನ್ನು ಚಹಾದ ಅಂಗಡಿಯಲ್ಲಿ ನಾಲ್ಕು ಮಂದಿಗೆ ಕೇಳುವಂತೆ ಓದಿ ರೂಢಿ. ಸುಮ್ಮನೆ ಓದಲು ಕೂತರೆ ತುಟಿ ತಾನೇ ಆಡುತ್ತಿತ್ತು, ತುಟಿ ಆಡಿದರೆ ಗಂಟಲಲ್ಲಿ ಏನೋ ಮಿಸುಕಿದಂತೆ ಅನ್ನಿಸಿ ಓದುವುದನ್ನು ಬಿಟ್ಟುಬಿಡುತ್ತಿದ್ದೆ. ಗೌರವ್ವ ತಂಬಿಗೆ ತುಂಬಿ ಪಕ್ಕದಲ್ಲಿಟ್ಟಳು. "ಬಾಯಾಗ ನೀರ ಹಿಡಕೊಂಡ ಓದ್ರಿ. ತುಟಿ ಹೆಂಗ ಆಡ್ತಾವ ನೋಡೂಣು." ಹಾಗೆಯೇ ಮಾಡಿದೆ. ಪುಟಕ್ಕೊಮ್ಮೆ ನೀರು ನುಂಗುವುದು, ಮತ್ತೆ ತುಂಬಿಕೊಳ್ಳುವುದು. ನಲವತ್ತು ದಾಟಿದ ಮೇಲೆ ನಾನು ಮನಸ್ಸಿನಲ್ಲಿ ಓದುವುದನ್ನು ಕಲಿತದ್ದು ಹೀಗೆ.

ಇಲ್ಲೊಂದು ಎಚ್ಚರಿಕೆ ಹೇಳಬೇಕು. ವಾಚನಾಲಯದಿಂದ ನಾನು ಮೊದಲು ತಂದದ್ದು ರೋಗಗಳ ಬಗೆಗಿನ ಪುಸ್ತಕ. ಓದುತ್ತ ಹೋದಂತೆ ಅದರಲ್ಲಿದ್ದ ಎಲ್ಲ ರೋಗವೂ ನನಗಿದೆ ಎಂದು ಖಾತ್ರಿಯಾಯಿತು, ಬಸಿರೊಂದನ್ನು ಬಿಟ್ಟು. ಆ ಸಂಜೆ ವಲ್ಲಿಯ ಕೆಳಗೆ ಮೂರು ಬಾರಿ ಪಂಜ ಹಿಡಿದೆ. ಮರುದಿನ ಪುಸ್ತಕ ಮನೆಯಲ್ಲಿರಲಿಲ್ಲ, ಗೌರವ್ವನೇ ಶಿವಪ್ಪನ ಕೈಯಲ್ಲಿ ವಾಪಸ್ ಕಳಿಸಿದ್ದಳು. ಬದಲಿಗೆ ಅವನು ಆರಿಸಿ ತಂದದ್ದು ಎಲ್ಲಕ್ಕಿಂತ ದಪ್ಪನೆಯ ಒಂದು ಕಾದಂಬರಿ. ಕಾಯುವವರು ದಪ್ಪ ಪುಸ್ತಕವನ್ನೇ ಓದಬೇಕು. ನಾಳೆ ಏನಾಗುತ್ತದೋ ಎಂಬ ಪ್ರಶ್ನೆಯನ್ನು ಸ್ವಲ್ಪ ಹೊತ್ತು ನಮ್ಮ ಮೈಯಿಂದ ತೆಗೆದು ಇನ್ನೊಬ್ಬರ ಮೈಮೇಲೆ ಹಾಕಬಹುದು.

ಇತ್ತ ಅವ್ವ ಬಿತ್ತಿದ ಬೀಜ ಮೊಳೆತಿತ್ತು. ದಾರಿಯಲ್ಲಿ ಜನ ಬದಿಗೆ ಸರಿದು ಕೈಮುಗಿಯುತ್ತಿದ್ದರು. ಒಬ್ಬ ರೈತ ತನ್ನ ಎಮ್ಮೆಗೆ ದೃಷ್ಟಿಯಾಗಿದೆ ಎಂದು ಲಿಂಬೆಹಣ್ಣು ತಂದು, "ಮುಟ್ಟಿ ಕೊಡ್ರಿ ಸಾಕು" ಎಂದು ಮುಂದೆ ಹಿಡಿದ. ಲಕ್ಷಗಟ್ಟಲೆ ಲಿಂಬೆಹಣ್ಣು ಮುಟ್ಟಿ ಮಾರಿದ ಕೈ ಇದು, ಆಗೆಲ್ಲ ಯಾರ ಎಮ್ಮೆಯೂ ಇದರಿಂದ ಹೆಚ್ಚು ಹಾಲು ಕೊಟ್ಟದ್ದಿಲ್ಲ. ಮುಟ್ಟಿ ಕೊಟ್ಟೆ. ಇನ್ನೇನು ಮಾಡಲಿ? ನಗು ಬರುತ್ತಿತ್ತು, ನಗುವಂತಿಲ್ಲ. ನಗು ನಿಂತ ಮೇಲೆ ಅಂಜಿಕೆ ಎರಡರಷ್ಟಾಗಿ ಬರುತ್ತಿತ್ತು. ನಾಳೆ ಇದು ಆ ರೋಗವೇ ಎಂದಾದರೆ ಇದೇ ಜನ, ಮೌನದಲ್ಲಿ ಏನೋ ತಪ್ಪಿ ನಡೆದ, ಅದಕ್ಕೇ ಹೀಗಾಯಿತು ಎಂದಾರು.

ಒಂದು ಮಧ್ಯಾಹ್ನ ಒಬ್ಬ ಹೆಣ್ಣುಮಗಳು ಕೂಸನ್ನೆತ್ತಿಕೊಂಡು ಬಂದಳು. ಊರ ಹೊರಗೆ ಕುರಿ ಹಟ್ಟಿ ಹಾಕಿದವರ ಪೈಕಿ. ಕೂಸನ್ನು ನನ್ನ ಕಾಲ ಬಳಿ ಮಲಗಿಸಿಬಿಟ್ಟಳು.

"ಯಪ್ಪಾ, ಮೂರ ದಿನಾ ಆತ್ರಿ, ಕಣ್ಣ ತಗೀವಲ್ದು. ನೀವು ಮೌನದಾಗ ಅದೀರಂತ, ತಲಿ ಮ್ಯಾಲ ಕೈ ಇಡ್ರಿ."

ಹಣೆ ಮುಟ್ಟಿದೆ. ಹಂಚಿನ ಹಾಗೆ ಸುಡುತ್ತಿತ್ತು, ಉಸಿರು ಗೊರಗೊರ ಎನ್ನುತ್ತಿತ್ತು. ಅವ್ವ, ಗೌರವ್ವ ಇಬ್ಬರೂ ಗುಡಿಗೆ ಹೋಗಿದ್ದರು. ನಾನು ದವಾಖಾನೆಯ ದಿಕ್ಕಿಗೆ ಕೈ ತೋರಿಸಿದೆ. ಅವಳು ಆ ದಿಕ್ಕಿಗೆ ತಿರುಗಿ ಕೈಮುಗಿದಳು. ಪಾಟಿಯ ಮೇಲೆ ಬರೆದು ತೋರಿಸಿದೆ. ಅವಳಿಗೆ ಓದಲು ಬರುತ್ತಿರಲಿಲ್ಲ, ಪಾಟಿಗೂ ಕೈಮುಗಿದಳು. ಕೂಸನ್ನು ಎತ್ತಿ ಅವಳ ಕೈಗೆ ಕೊಟ್ಟು ಎಬ್ಬಿಸಿದೆ. ಆಶೀರ್ವಾದವಾಯಿತೆಂದು ತಿಳಿದು ಅವಳು ಸಮಾಧಾನದಿಂದ ಹಟ್ಟಿಯ ಕಡೆಗೇ ಹೊರಟಳು. ನನಗೆ ತಡೆಯಲಾಗಲಿಲ್ಲ. ಓಡಿಹೋಗಿ ಅವಳ ಮುಂದೆ ನಿಂತೆ. ಬಾಯಿಂದ ಮಾತು ಬಂತು. ಗಟ್ಟಿ ಮಾತೂ ಅಲ್ಲ, ಡಾಕ್ಟರು ಯಾವುದನ್ನು ಬೇಡವೇ ಬೇಡ ಎಂದಿದ್ದರೋ ಅದೇ ಪಿಸುಮಾತು.

"ದವಾಖಾನಿಗೆ ಒಯ್ಯ. ಈಗಿಂದೀಗ."

ಅವಳ ಕಣ್ಣು ಅಗಲವಾದವು. ಮೌನ ಮುರಿದು ಹೇಳಿದ ಮಾತು ಎಂದರೆ ಅದು ದೇವರ ಅಪ್ಪಣೆ. ಕೂಸನ್ನು ಎದೆಗವಚಿಕೊಂಡು ದವಾಖಾನೆಯ ಕಡೆ ಓಡಿದಳು. ಅದು ಎದೆಯಲ್ಲಿ ಕಫ ಕಟ್ಟಿ ಬಂದ ಜ್ವರವಂತೆ, ಸೂಜಿ ಹಾಕಿ ಉಳಿಸಿಕೊಂಡರೆಂದು ಆಮೇಲೆ ತಿಳಿಯಿತು.

ಆದರೆ ಆ ಹೊತ್ತಿಗೆ ನಾನು ಕಟ್ಟೆಯ ಮೇಲೆ ಕುಸಿದು ಕೂತಿದ್ದೆ. ಗಂಟಲಲ್ಲಿ ಚುಳುಕ್ ಎಂದಿತ್ತು. ಬಾಯಲ್ಲಿ ರಕ್ತದ ರುಚಿ ಬಂದಂತಿತ್ತು. ಉಗುಳಿ ನೋಡಿದರೆ ರಕ್ತವಿಲ್ಲ. ಮತ್ತೆ ಉಗುಳಿದೆ, ಮತ್ತೆ ನೋಡಿದೆ. ಹೊಲಿಗೆ ಬಿಚ್ಚಿತೋ, ತಂತಿ ಹರಿಯಿತೋ, ದನಿ ಹೋಯಿತೋ. ಹೊಲಿಗೆಯನ್ನೇ ಹಾಕಿಲ್ಲ ಎಂದು ಡಾಕ್ಟರು ಹೇಳಿದ್ದೂ ಮರೆತಿತ್ತು. ಗುಡಿಯಿಂದ ಬಂದ ಗೌರವ್ವ ನನ್ನ ಮುಖ ನೋಡಿ, ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ವಲ್ಲಿ ಎಳೆದಳು. ನಾನು ಪಂಜ ಹಿಡಿದವನು ಬಿಡಲೇ ಇಲ್ಲ. ಎಣಿಕೆಯೇ ಇರಲಿಲ್ಲ ಅದಕ್ಕೆ.

ಉಳಿದ ದಿನಗಳನ್ನು ಹೇಗೆ ಕಳೆದೆನೋ. ಕಾದಂಬರಿ ಮುಗಿಯಬಾರದೆಂದು ಕೊನೆಯ ಹಾಳೆಗಳನ್ನು ಓದದೆ ಬಿಟ್ಟೆ. ಅದು ಮುಗಿದರೆ ನಾನೂ ಮುಗಿದಂತೆ ಎಂಬ ಹುಚ್ಚು ತಲೆಗೆ ಹೊಕ್ಕಿತ್ತು.

ಸೊಲ್ಲಾಪುರಕ್ಕೆ ಹೋಗುವ ದಿನ ಅವ್ವ ನನ್ನ ಹಣೆಗೆ ವಿಭೂತಿ ಹಚ್ಚಿದಳು. ಹಚ್ಚಿದಲ್ಲೇ ಮತ್ತೆ ಮತ್ತೆ ಹಚ್ಚಿ ಅದು ಹುಬ್ಬಿನವರೆಗೂ ಹರಡಿತು. "ನಂದ ಆಯುಷ್ಯ ನಿನಗ ಹತ್ತಲಿ" ಎಂದಳು. ಮೌನದ ಸುಳ್ಳು ಹೇಳುವಾಗ ತೊದಲದವಳು ಇದನ್ನು ಹೇಳುವಾಗ ತೊದಲಿದಳು.

ಅದೇ ಬಾಕು, ಅದೇ ಗೋಡೆಯ ಚಿತ್ರ. ನಮ್ಮ ಮುಂದೆ ಬಹಳ ಮಂದಿ ಇದ್ದರು. ಬಾಗಿಲು ತೆರೆದಾಗಲೊಮ್ಮೆ ನಾನು ಅರ್ಧ ಎದ್ದು ಮತ್ತೆ ಕೂರುತ್ತಿದ್ದೆ. ಗೌರವ್ವ ರೂಢಿಯ ಹಾಗೆ ವಲ್ಲಿ ಹೊದಿಸಿ, ನನ್ನ ಲೆಕ್ಕಕ್ಕಾಗಿ ಕೈ ಮುಂದೆ ಮಾಡಿದಳು. ಆಗ ಅವಳ ಬೆರಳು ನನಗೆ ತಾಗಿದವು. ನೀರಲ್ಲಿ ನೆನೆದ ಹಾಗೆ ತಣ್ಣಗಿದ್ದವು. ಇಷ್ಟು ದಿನ ಅವಳ ಕೈ ಹಿಡಿದವನು ನಾನು, ಅದು ಬಿಸಿಯಿದೆಯೋ ತಣ್ಣಗಿದೆಯೋ ಎಂದು ಒಮ್ಮೆಯೂ ನೋಡಿರಲಿಲ್ಲ. ನಾನು ಅವಳತ್ತ ಗದ್ದ ಎತ್ತಿ, ನಿನ್ನದೆಷ್ಟು ಎಂದು ಕಣ್ಣಿನಿಂದ ಕೇಳಿದೆ.

ಅವಳು ಮುಷ್ಟಿ ಮುಚ್ಚಿದಳು. ಈಗ ಬೆಲೆ ಹೇಳುವುದಿಲ್ಲ.

ಅಷ್ಟರಲ್ಲಿ ಕರೆ ಬಂತು. ಡಾಕ್ಟರು ಮೊದಲು ಕನ್ನಡಿ ಇಳಿಸಿ ನೋಡಿದರು. ನಾನು ಪಿಸುಗುಟ್ಟಿದ್ದನ್ನು ಪಾಟಿಯ ಮೇಲೆ ಬರೆದು ತೋರಿಸಿದ್ದೆ, ಅವರಿಗೆ ನಗೆ ಬಂತು. "ಒಂದ ಮಾತಿಗೆ ಏನೂ ಆಗಿಲ್ಲ. ಗಾಯ ಮಾಯಾಕತ್ತೇತಿ." ಆಮೇಲೆ ಕಾಗದ ತೆಗೆದರು. ಅವರು ಅದನ್ನು ಓದಿ ಮುಗಿಸುವವರೆಗಿನ ಹೊತ್ತು ನನ್ನ ಬದುಕಿನಲ್ಲೇ ಉದ್ದನೆಯದು.

"ಕ್ಯಾನ್ಸರ್ ಅಲ್ಲ" ಎಂದರು. ನಾನು ಕೈಮುಗಿಯಲು ಹೋದೆ. ಅವರು ಬೆರಳೆತ್ತಿದರು. "ಪೂರ್ತಿ ಕೇಳ್ರಿ. ಅಲ್ಲ, ಖರೆ. ಆದರ ಆ ದಾರಿ ಹಿಡಿಯೂ ಲಕ್ಷಣಾ ಒಂದೀಟ ಅದಾವ. ತಂಬಾಕು, ಬೀಡಿ ಮುಟ್ಟಿದ್ರ ನನ್ನ ಕಡೆ ಬರಬ್ಯಾಡ್ರಿ. ಸವಾಲ ಕೂಗೂದ ಮುಗೀತು. ಆಗಾಗ ಬಂದ ತೋರಿಸ್ಕೋತ ಇರಬೇಕು. ಈಗ ನಿಮ್ಮ ಹೆಸರ ಹೇಳ್ರಿ, ಮೆಲ್ಲಕ."

"ಸಿದ್ರಾಮಪ್ಪ" ಎಂದೆ. ಬಾಗಿಲ ಹಿಂದೆ ನಿಂತ ಬೇರೆ ಯಾರೋ ನನ್ನ ಹೆಸರು ಹೇಳಿದಂತಿತ್ತು.

ಅಂದಿನಿಂದ ಇಂದಿನವರೆಗೆ ಅದೇ ದನಿ. ವರ್ಷಗಳು ಕಳೆದಿವೆ, ಎರಡು ಸಾವಿರದ ಇಸವಿಯೂ ದಾಟಿದೆ. ಬಜಾರದಲ್ಲಿ ಈಗ ಶಿವಪ್ಪ ಕೂಗುತ್ತಾನೆ, ನಾನು ಪಕ್ಕದಲ್ಲಿ ನಿಂತು ಮಾಲು ನೋಡಿ ಬೆರಳೆತ್ತುತ್ತೇನೆ. ಮನೆಯಲ್ಲಿ ನೀರು ಬೇಕಾದರೆ ಎದ್ದು ಹೋಗಿ ಕುಡಿಯುತ್ತೇನೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಎರಡೂ ಬಾರದಿದ್ದವನು ಎರಡನ್ನೂ ಸ್ವಲ್ಪ ಸ್ವಲ್ಪ ಕಲಿತೆ. ನಡೆಯಿರಿ, ಆದರೆ ಯಾರಿಗೋ ತೋರಿಸಲು ಬೇಡ. ಓದಿರಿ, ರೋಗದ ಪುಸ್ತಕ ಬೇಡ. ನೀರು ಕುಡಿಯಿರಿ. ದನಿ ಒಂದು ವಾರದ ಮೇಲೆ ಕುಂತೇ ಇದ್ದರೆ ಕಷಾಯ ಬಿಟ್ಟು ಡಾಕ್ಟರ ಹತ್ತಿರ ಹೋಗಿ. ತಪಾಸಣೆಯ ದಿನ ಹತ್ತಿರ ಬಂದಾಗ ಇಂದಿಗೂ ನನಗೆ ಅನ್ನ ಸೇರುವುದಿಲ್ಲ. ಅಂಜಿಕೆ ಹೋಗುತ್ತದೆ ಎಂದು ಸುಳ್ಳು ಹೇಳಲಾರೆ. ಅದನ್ನು ಇನ್ನೊಬ್ಬರ ಕೈಗೆ ಕೊಟ್ಟರೆ ಹೊರುವಷ್ಟಾಗುತ್ತದೆ.

ಆದರೆ ರಸ್ತೆಯಲ್ಲಿ ನಿಲ್ಲಿಸಿ ಕೇಳುವವರಿಗೆ ನಾನು ಇನ್ನೂ ಹೇಳದ ಒಂದು ಮಾತಿದೆ, ಅದು ಆ ದಿನ ಊರಿಗೆ ಮರಳುವ ರೈಲಿನದು.

ಗಾಡಿಯಲ್ಲಿ ಗದ್ದಲವಿತ್ತು. ಕಿಟಕಿಯ ಬಳಿ ಇಬ್ಬರಿಗೂ ಜಾಗ ಸಿಕ್ಕಿತ್ತು. ಗೌರವ್ವ ದವಾಖಾನೆಯಿಂದ ಹೊರಬಿದ್ದಾಗಿನಿಂದ ನಕ್ಕಿರಲಿಲ್ಲ. ಅತ್ತಿರಲೂ ಇಲ್ಲ. ಸಂಜೆಯ ರೊಟ್ಟಿಗೆ ಹಿಟ್ಟು ಇದೆಯೋ ಇಲ್ಲವೋ ಎಂದು ಯೋಚಿಸುವವರ ಹಾಗೆ ಹೊರಗೆ ನೋಡುತ್ತಿದ್ದಳು. ಡಾಕ್ಟರು ದಿನಕ್ಕೆ ನಾಲ್ಕೈದು ಮಾತಿಗಷ್ಟೇ ಪರವಾನಗಿ ಕೊಟ್ಟಿದ್ದರು. ನನ್ನ ಹೆಸರಿಗೆ ಒಂದು ಖರ್ಚಾಗಿತ್ತು. ಗಾಡಿ ಭೀಮಾ ನದಿಯ ಸೇತುವೆ ದಾಟಿದ ಮೇಲೆ, ಸದ್ದು ಕಡಿಮೆಯಾದಾಗ, ಉಳಿದದ್ದನ್ನು ಖರ್ಚು ಮಾಡಿದೆ.

"ಗೌರಾ, ನಿಂದ ಎಷ್ಟಿತ್ತ?"

ಹೊಸ ದನಿಗೆ ಅವಳು ಬೆಚ್ಚಿ ತಿರುಗಿದಳು. ನನ್ನ ಮುಖವನ್ನೇ ನೋಡಿದಳು. ಆಮೇಲೆ ನನ್ನ ಹೆಗಲಿನಿಂದ ವಲ್ಲಿ ಎಳೆದು ಕೈಗಳ ಮೇಲೆ ಹೊದಿಸಿ, ನನ್ನ ಪಂಜ ಹಿಡಿದಳು. ಬಿಟ್ಟಳು. ಮತ್ತೆ ಹಿಡಿದಳು, ಬಿಟ್ಟಳು, ಮತ್ತೆ ಹಿಡಿದಳು. ಎದುರಿಗೆ ಕೂತ ಮುದುಕಿಗೆ ಏನೂ ತಿಳಿಯಲಿಲ್ಲ. ಇಂಡಿ ಸ್ಟೇಷನ್ ಬಂತು, ಜನ ಗಂಟುಮೂಟೆ ಎತ್ತಿಕೊಂಡು ಇಳಿಯತೊಡಗಿದರು. ಅವಳ ಎಣಿಕೆ ಇನ್ನೂ ಮುಗಿದಿರಲಿಲ್ಲ.